ಕಲಬುರಗಿ ಹತ್ತಿರ 20 ಮೆಗಾವ್ಯಾಟ್ ಡೇಟಾ ಸೆಂಟರ್‌ಗೆ ಸೋಲಾರ್ ಸಾಕಾ, ಗ್ರಿಡ್ ಬೇಕಾ?

ಜಮೀನು ನೋಡಿ ಆಗಿದೆ, ಇನ್ನು ಕರೆಂಟ್ ಎಲ್ಲಿಂದ ಅಂತ ಕೇಳ್ತಿದ್ದೀರಿ. ನಾನೂ ಹೀಗೇ ಉಲ್ಟಾ ಶುರು ಮಾಡಿದವನು.

ನನ್ನದು ನಿಮ್ಮಷ್ಟು ದೊಡ್ಡದಲ್ಲ. ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹನ್ನೆರಡು ರ‍್ಯಾಕ್‌ನ ಸರ್ವರ್ ರೂಮ್. ತೊಗರಿ ಬೇಳೆ ಮಿಲ್‌ಗಳ ಲೆಕ್ಕಪತ್ರವೆಲ್ಲ ಅದರಲ್ಲಿತ್ತು. ಒಂದು ಲೈನ್ ಹೋದರೆ ಇನ್ನೊಂದಿರಲಿ ಅಂತ ಎರಡು 11 ಕೆವಿ (11 ಸಾವಿರ ವೋಲ್ಟ್) ಫೀಡರ್ ಲೈನ್ ತಗೊಂಡೆ. ಬೇರೆ ಹೆಸರು, ಬೇರೆ ಕಂಬ. ಒಂದು ರಸ್ತೆಯ ಈಚೆ, ಒಂದು ಆಚೆ. ಕಣ್ಣಿಗೆ ಎರಡು ಕಂಡವು, ನನಗೆ ಅಷ್ಟೇ ಸಾಕಾಯ್ತು. ಆ ಧೈರ್ಯದಲ್ಲೇ ಜನರೇಟರ್ ಚಿಕ್ಕದು ತಂದೆ. ಸರ್ವರ್‌ಗೆ ಸಾಲುತ್ತಿತ್ತು, ಎಸಿಗೆ ಸಾಲುತ್ತಿರಲಿಲ್ಲ.

ಮೇ ತಿಂಗಳ ಮಧ್ಯಾಹ್ನ ಎರಡೂ ಲೈನ್ ಒಟ್ಟಿಗೇ ಹೋದವು. ಯುಪಿಎಸ್ ತಡೆದುಕೊಂಡಿತು, ಜನರೇಟರ್ ಚಾಲೂ ಆಯ್ತು, ದೀಪಗಳೆಲ್ಲ ಹಸಿರು. ನಾನು ನೆಮ್ಮದಿಯಿಂದ ಚಹಾ ಹೇಳಿದೆ. ಹೊರಗೆ 43 ಡಿಗ್ರಿ. ಅರ್ಧ ಗಂಟೆಗೆ ಬಾಗಿಲಿನ ಹಿಡಿಯೇ ಬಿಸಿಯಾಗಿತ್ತು. ಸರ್ವರ್ ಫ್ಯಾನ್‌ಗಳು ಕಿರುಚಿ ಕಿರುಚಿ, ಒಂದೊಂದೇ ಯಂತ್ರ ತಾನಾಗಿ ಆಫ್ ಆಯ್ತು. ಕರೆಂಟ್ ಇದ್ದೂ!

ಸಂಜೆ ಲೈನ್‌ಮನ್ ನಕ್ಕ. "ಫೀಡರ್ ಎರಡವ ಸರ, ಅವ್ವ ಒಬ್ಬಾಕೇ."

ಎರಡೂ ಒಂದೇ ಸಬ್‌ಸ್ಟೇಷನ್‌ನ ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ಹೊರಟಿದ್ದವು. ಅದು ಟ್ರಿಪ್ ಆದರೆ ಎರಡೂ ಹೋದಂತೆಯೇ. ಕಂಬ ಬಿದ್ದರೆ, ತಂತಿ ಹರಿದರೆ ಮಾತ್ರ ಎರಡನೆಯದರಿಂದ ಉಪಯೋಗ. ಎರಡರ ದುಡ್ಡು ಕಟ್ಟಿ ನಾನು ಕೊಂಡಿದ್ದು ಒಂದನ್ನೇ. ತಂತಿ ಹಿಡಿದು ಸ್ಟೇಷನ್ ತನಕ ಬೈಕಿನಲ್ಲಿ ಹೋಗಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಹೋಗಲಿಲ್ಲ. ಬಿಸಿಲು ಜಾಸ್ತಿ ಇತ್ತು ಅಂತ.

ನಿಮ್ಮ ಸೋಲಾರ್ ವಿಷಯ. 20 ಮೆಗಾವ್ಯಾಟ್ ಹಗಲೂ ರಾತ್ರಿ ಓಡಿದರೆ ದಿನಕ್ಕೆ 4.8 ಲಕ್ಷ ಯುನಿಟ್. ನಮ್ಮ ಬಿಸಿಲಲ್ಲೂ ಅದಕ್ಕೆ ಹೆಚ್ಚುಕಮ್ಮಿ 100 ಮೆಗಾವ್ಯಾಟ್ ಪ್ಯಾನಲ್ ಬೇಕು, ಅಂದರೆ ನಾನೂರು ಎಕರೆ ಮೇಲೆ. ರಾತ್ರಿಗೆ ಬ್ಯಾಟರಿ ಬೇರೆ. ಪಾವಗಡದ ಸೋಲಾರ್ ಪಾರ್ಕ್ ಕಡೆಯಿಂದ ಕೊಳ್ಳಬಹುದು, ನಿಜ. ಸೋಲಾರ್‌ನಂಥ ಕರೆಂಟನ್ನು ಉತ್ಪಾದಕರಿಂದಲೇ ಕೊಳ್ಳಲು ಬಿಡುವ 2022ರ ಗ್ರೀನ್ ಓಪನ್ ಆಕ್ಸೆಸ್ ನಿಯಮದಲ್ಲಿ 100 ಕಿಲೋವ್ಯಾಟ್ ಮೇಲಿನವರಿಗೂ ಅವಕಾಶ ಇದೆ. ಆದರೆ ಅದು ಬಿಲ್ಲಿನ ಲೆಕ್ಕ. ಕರೆಂಟ್ ಬರೋದು ಅದೇ ಗ್ರಿಡ್ ತಂತಿಯಲ್ಲಿ ಅಲ್ವಾ? ಹಾಗಾಗಿ ಸೋಲಾರಾ ಗ್ರಿಡ್ಡಾ ಅನ್ನೋ ಪ್ರಶ್ನೆಯೇ ಸರಿಯಿಲ್ಲ ಅಂತೀನಿ.

ಇಷ್ಟು ಲೋಡಿಗೆ 11 ಕೆವಿ ಮರೆತುಬಿಡಿ. 110 ಕೆವಿಯಾದರೂ ಬೇಕು, ಅದೂ ಎರಡು ಬೇರೆ ಬೇರೆ ಸ್ಟೇಷನ್‌ಗಳಿಂದ. ಸಿಂಗಲ್ ಲೈನ್ ಡಯಾಗ್ರಾಮ್, ಅಂದರೆ ಕರೆಂಟ್ ಎಲ್ಲಿಂದ ಹೇಗೆ ಬರುತ್ತೆ ಅನ್ನೋ ನಕ್ಷೆ ಕೇಳಿ, ಬೆರಳಿಟ್ಟು ಹಿಂದಕ್ಕೆ ಹೋಗಿ ನೋಡಿ, ಎರಡು ಗೆರೆ ಎಲ್ಲಿ ಕೂಡುತ್ತವೆ ಅಂತ. ಜನರೇಟರ್ ಲೆಕ್ಕದಲ್ಲಿ ಎಸಿ ಮೊದಲು ಬರೀರಿ, ಸರ್ವರ್ ಆಮೇಲೆ.

ಜಮೀನಿಗೆ ಇನ್ನೂ ಅಡ್ವಾನ್ಸ್ ಕೊಟ್ಟಿಲ್ಲ ತಾನೇ?