ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯಿಂದ ರಾಜ್ಯಕ್ಕೆ 2000 ಮೆಗಾವಾಟ್ ಹೊಸ ವಿದ್ಯುತ್ ಸಿಗುತ್ತದೆಯೇ?

ಇಲ್ಲ. ಹೊಸದಾಗಿ ಒಂದು ಯೂನಿಟ್ಟೂ ಹುಟ್ಟುವುದಿಲ್ಲ. ಇದು ಮನೆಯ ಇನ್ವರ್ಟರ್ ಬ್ಯಾಟರಿ ಇದ್ದ ಹಾಗೆ. ಕರೆಂಟು ಹೆಚ್ಚಿದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಸಾಗರ ತಾಲ್ಲೂಕಿನ ತಲಕಳಲೆಗೆ ನೀರೆತ್ತುವುದು, ಸಂಜೆ ಬೇಡಿಕೆ ಏರಿದಾಗ ಅದೇ ನೀರನ್ನು ಟರ್ಬೈನಿಗೆ ಬಿಡುವುದು. 2000 ಮೆಗಾವಾಟ್ ಅನ್ನುವುದು ಆ ಕೆಲವು ಗಂಟೆಗಳ ಸಾಮರ್ಥ್ಯ ಮಾತ್ರ.

ಎರಡು ಜಲಾಶಯಗಳ ನಡುವಿನ ಎತ್ತರ ಸುಮಾರು 460 ಮೀಟರ್. ಸಾವಿರ ಲೀಟರ್ ನೀರು ಮೇಲೇರಿಸಲು ಹೆಚ್ಚುಕಡಿಮೆ 1.4 ಯೂನಿಟ್ ಬೇಕು, ಇಳಿಸಿದಾಗ ಸಿಗುವುದು 1.1. ಉಳಿದದ್ದು ಪಂಪು, ಸುರಂಗದ ಘರ್ಷಣೆ, ಟ್ರಾನ್ಸ್‌ಫಾರ್ಮರುಗಳಲ್ಲಿ ಸೋರಿಹೋಗುತ್ತದೆ. ಮಧ್ಯಾಹ್ನ ಮಿಕ್ಕ ಸೋಲಾರಿನಿಂದ ಎತ್ತಿದರೆ ಈ ನಷ್ಟ ಸಹಿಸಬಹುದು. ರಾತ್ರಿ ಕಲ್ಲಿದ್ದಲಿನ ವಿದ್ಯುತ್ತಿನಿಂದ ಎತ್ತಿದರೆ ಐದರಲ್ಲೊಂದು ಪಾಲು ಸುಮ್ಮನೆ ಸುಟ್ಟಂತೆ.

ಸಂಗ್ರಹ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಜಾಗದ್ದು. ಸುರಂಗ ನೆಲದೊಳಗಿರುತ್ತದೆ, ಸರಿ. ಲಾರಿ ಹೋಗುವ ರಸ್ತೆ, ಕೊರೆದ ಕಲ್ಲುಮಣ್ಣು ಸುರಿಯುವ ಜಾಗ ಮೇಲೆಯೇ ಬೇಕಲ್ಲ, ಅದೂ ಸಿಂಗಳೀಕ ಅಭಯಾರಣ್ಯದಲ್ಲಿ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೇ ಅದರ ದಾರಿ. ರಸ್ತೆ ಅಗಲಿಸಿ ಮೇಲಿನ ಕೊಂಬೆಗಳ ಹಂದರ ತುಂಡಾದರೆ ಆಚೆಯ ಗುಂಪಿಗೂ ಈಚೆಯ ಗುಂಪಿಗೂ ಸಂಬಂಧ ತಪ್ಪುತ್ತದೆ. ಬೇರೆಲ್ಲೋ ಸಸಿ ನೆಟ್ಟು ಇದನ್ನು ತುಂಬಿಕೊಡಲಾಗದು. ಬುಡ ಕಡಿದ ಧರೆಯಂತೂ ಆಷಾಢದ ಮಳೆಗೆ ಜರಿಯುತ್ತದೆ.

ಮೊದಲು ಕೃಷಿ ಪಂಪ್‌ಸೆಟ್ ಲೈನುಗಳಿಗೆಲ್ಲ ಸೋಲಾರ್ ಮಿಕ್ಕುವ ಹಗಲಲ್ಲೇ ತ್ರೀಫೇಸ್ ಕೊಡಲಿ, ಪಾವಗಡದಂಥ ಸೋಲಾರ್ ಪಾರ್ಕಿನ ಪಕ್ಕದಲ್ಲೇ ಬ್ಯಾಟರಿ ಇಡಲಿ. ಅಷ್ಟಾದ ಮೇಲೂ ಸಾಲದಿದ್ದರೆ ನದಿಯಿಂದ ದೂರದ ಬಯಲುಸೀಮೆ ಗುಡ್ಡಗಳಲ್ಲಿ ಎರಡು ಕೆರೆ ಕಟ್ಟಿ ಇದೇ ಕೆಲಸ ಮಾಡಿಸಬಹುದು.