ಸಹಿ, ದೇಣಿಗೆ, ಮದ್ದು: ಮೂರನ್ನೂ ಬಿಡಿಸಿದ ಪ್ರಕರಣ

(ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.)

ನಮ್ಮ ಹತ್ತಿರ ಸಲಹೆ ಕೇಳಿ ಬಂದವರು ಬೀಡಿ ಕಟ್ಟುವ ತಾಯಿ, ದುಬೈಯಿಂದ ರಜೆಯಲ್ಲಿ ಬಂದ ಮಗ. ಮಂಗಳೂರಿನಲ್ಲಿ, ವಿಶ್ವವಿದ್ಯಾಲಯವೊಂದರ ಕ್ಯಾನ್ಸರ್ ಕೇಂದ್ರದಲ್ಲಿ ತಾಯಿಗೆ ಕೆನ್ನೆಯ ಒಳಭಾಗದ ಕ್ಯಾನ್ಸರಿಗೆ ಆಪರೇಷನ್ ಆಗಿತ್ತು. ಹಲವು ಊರಿನ ಆಸ್ಪತ್ರೆಗಳು ಸೇರಿ ನಡೆಸುವ ಅಧ್ಯಯನಕ್ಕೆ ಗೆಡ್ಡೆಯ ತುಣುಕು ಬಳಸಲು ಅಲ್ಲಿ ಒಪ್ಪಿಗೆ ಕೇಳಿದ್ದರು. ಅದೇ ವಾರ ಮಗ 5 ಲಕ್ಷ ದೇಣಿಗೆಯ ಮಾತೆತ್ತಿದ್ದರು.

"ಸಹಿ ಹಾಕದಿದ್ರೆ ಮದ್ದು ನಿಲ್ಲಿಸ್ತಾರಾ ಮೇಡಂ?" ಎಂದು ತಾಯಿ. "ದುಡ್ಡು ಕೊಟ್ರೆ ಅಮ್ಮನಿಗೆ ಹೊಸ ಮದ್ದು ಬೇಗ ಸಿಗ್ಬಹುದಲ್ವಾ?" ಎಂದು ಮಗ. ಎರಡಕ್ಕೂ ನಮ್ಮ ಉತ್ತರ 'ಇಲ್ಲ' ಎಂದೇ.

ತಾಯಿಯ ಮಾತು ತುಳು, ಫಾರಂ ಕನ್ನಡದ್ದು. ಸಾಲು ಸಾಲಾಗಿ ತುಳುವಿನಲ್ಲಿ ಹೇಳಿ, ಅರ್ಥವಾದದ್ದನ್ನು ಅವರಿಂದಲೇ ಹೇಳಿಸಿದೆವು. 'ಉಳಿದ ಅಂಗಾಂಶವನ್ನು ಮುಂದಿನ ಸಂಶೋಧನೆಗೆ ಇಟ್ಟುಕೊಳ್ಳಬಹುದು' ಎಂಬಲ್ಲಿ ಬೆರಳಿಟ್ಟು, ಮುಂದಿನದ್ದು ಅಂದರೆ ಎಂತದ್ದು ಎಂದು ಕೇಳಿದರು. ಓದಿದವರೂ ಕೇಳದ ಪ್ರಶ್ನೆ. ಅದು ಪ್ರತ್ಯೇಕ ಒಪ್ಪಿಗೆ. ಈ ಅಧ್ಯಯನಕ್ಕೆ ಮಾತ್ರ ಹೂಂ ಎನ್ನಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು, ಚಿಕಿತ್ಸೆಗೆ ತೊಂದರೆಯಾಗಬಾರದು.

ಹೆಚ್ಚಿನವರು ಮರೆಯುವುದು ಬ್ಲಾಕಿನ ವಿಷಯ. ತೆಗೆದ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಪ್ಯಾರಾಫಿನ್ ಮೇಣದ ಬ್ಲಾಕಿನಲ್ಲಿ ಕೂರಿಸಿ, 3–4 ಮೈಕ್ರಾನ್ ದಪ್ಪದ ಪದರಗಳನ್ನು ಕತ್ತರಿಸುತ್ತಾರೆ. ಕಾಯಿಲೆ ಮರುಕಳಿಸಿದರೆ ಯಾವ ಮದ್ದು ಹಿಡಿಸೀತು ಎಂದು ನೋಡುವ ಪಿಡಿ-ಎಲ್1ನಂಥ ಪರೀಕ್ಷೆಗೆ ಇದೇ ಬ್ಲಾಕ್ ಬೇಕಾಗಬಹುದು. ಸಣ್ಣ ಬಯಾಪ್ಸಿಯದ್ದಾದರೆ ಸಂಶೋಧನೆಯಲ್ಲೇ ಖಾಲಿಯಾಗಿ, ಮತ್ತೆ ಚುಚ್ಚಿಸಿಕೊಳ್ಳುವ ಪಾಡು. ಇವರದ್ದು ಆಪರೇಷನ್ನಿನ ದೊಡ್ಡ ತುಣುಕು, ಭಯವಿಲ್ಲ. ಆದರೂ 'ಚಿಕಿತ್ಸೆಗೆ ಬೇಕಾದಷ್ಟು ಉಳಿಸಿಯೇ ಬಳಸುತ್ತೇವೆ' ಎಂದು ಬರೆಸಿಕೊಳ್ಳಲು ಹೇಳಿದೆವು. ತುಣುಕು ಯಾವ ಸಂಸ್ಥೆಗೆ ಹೋಗುತ್ತದೆ, ಹೆಸರಿನ ಬದಲು ಕೋಡ್ ಇರುತ್ತದೆಯೇ, ಸಂಶೋಧನೆಯ ಮೇಲೆ ಕಣ್ಣಿಡುವ ನೈತಿಕ ಸಮಿತಿಯ ಫೋನ್ ಯಾವುದು ಎಂಬುದನ್ನೂ ಕೇಳಬೇಕು. ಹೊಸ ಔಷಧದ ಟ್ರಯಲ್ ಆಗಿದ್ದರೆ ಸಿಟಿಆರ್‌ಐ (ದೇಶದ ಟ್ರಯಲ್‌ಗಳ ದಾಖಲೆ ಪಟ್ಟಿ) ನೋಂದಣಿ ಸಂಖ್ಯೆ, ಹಾನಿಯಾದರೆ ಪರಿಹಾರ ಯಾರದ್ದು ಎಂಬುದೂ ಬೇಕಿತ್ತು. ಈ ಅಧ್ಯಯನದಲ್ಲಿ ಮದ್ದೇ ಇಲ್ಲ.

ಇನ್ನು ಹಣ. ರೇಡಿಯೇಷನ್ 30 ಸಲ, ಆರು ವಾರ. ಅದು ಮುಗಿಯುವ ತನಕ ದೇಣಿಗೆ ಮುಂದೂಡಿ, ಚಿಕಿತ್ಸೆ ಮಾಡುವ ಡಾಕ್ಟರ ಹತ್ತಿರ ಆ ಮಾತೇ ಬೇಡ, ಸಂಸ್ಥೆಯ ಹಣಕಾಸು ಕಚೇರಿಯಲ್ಲಿ ವಿಚಾರಿಸಿ ಎಂದೆವು. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೇಗೆ ಕೊಟ್ಟರೂ ಇಲ್ಲ. ಮಗನದ್ದು ಭಾರತದ ಪಾಸ್‌ಪೋರ್ಟ್, ಆದ್ದರಿಂದ ಅವರ ಉಳಿತಾಯ ಬ್ಯಾಂಕ್ ಮೂಲಕ ಬಂದರೆ ವಿದೇಶಿ ದೇಣಿಗೆಯಲ್ಲ. ವಿದೇಶಿ ಪೌರತ್ವ ಪಡೆದ ಭಾವನ ಪಾಲು ಹಾಗಲ್ಲ: ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯಿರುವ ಸಂಸ್ಥೆ ಅದನ್ನು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ ಪಡೆಯಬೇಕು. ಅದನ್ನು ತನ್ನ ಖಾತೆಗೆ ಹಾಕಿಸಿ ಒಟ್ಟಿಗೆ ಕಳಿಸುವ ಯೋಚನೆ ಮಗನಿಗಿತ್ತು. ಬೇಡವೇ ಬೇಡ.

ತಾಯಿಯ ಹೆಸರಲ್ಲಿ ಸಂಶೋಧನಾ ನಿಧಿ ಎಂಬ ಆಸೆಗೆ ಲೆಕ್ಕ ಹಾಕಿ ತೋರಿಸಿದೆವು. ಅಸಲು ಮುಟ್ಟದೆ, ಶೇ. 7ರ ಬಡ್ಡಿ ಸಿಕ್ಕಿದರೂ ವರ್ಷಕ್ಕೆ 35,000. ಒಬ್ಬ ಕಿರಿಯ (ಜೆಆರ್‌ಎಫ್) ಸಂಶೋಧಕರ ತಿಂಗಳ ಫೆಲೋಶಿಪ್ಪೇ 37,000. ಅದೇ 5 ಲಕ್ಷ, ಸುಳ್ಯ–ಬೆಳ್ತಂಗಡಿ ಕಡೆಯಿಂದ ದಿನಾ ರೇಡಿಯೇಷನ್‌ಗೆ ಬರುವವರ ಬಸ್ಸು, ಊಟ, ರೂಮಿಗಾದರೆ ಬೇಕಾದಷ್ಟು ಜನರಿಗೆ ಆಗುತ್ತದೆ. ತಾಯಿಗೆ ಇದೇ ಹಿಡಿಸಿತು.

ದೇಣಿಗೆ ಪತ್ರದಲ್ಲಿ ಉದ್ದೇಶ, ಉಳಿದ ಹಣ ಏನಾಗಬೇಕು, ವರ್ಷಕ್ಕೊಮ್ಮೆ ಖರ್ಚಿನ ಲೆಕ್ಕ, ಮತ್ತು 'ದಾನಿಯ ಕುಟುಂಬಕ್ಕೆ ಚಿಕಿತ್ಸೆಯಲ್ಲಿ ಆದ್ಯತೆ ಇಲ್ಲ' ಎಂಬ ಸಾಲು ಇರಲಿ ಎಂದು ಸೂಚಿಸಿದೆವು. ತಾಯಿ ಈ ಅಧ್ಯಯನಕ್ಕೆ ಸಹಿ ಹಾಕಿದರು, 'ಮುಂದಿನ ಸಂಶೋಧನೆ'ಯ ಚೌಕ ಖಾಲಿ ಬಿಟ್ಟರು.