ಬ್ಯಾಕಪ್ ಇದೆ ಸರಿ, ಅದು ವಾಪಸ್ ಬರುತ್ತಾ?

ಪ್ರಶ್ನೆ: ಮೂರು ವರ್ಷದಿಂದ ಅಪ್ಲಿಕೇಶನ್ ಸಪೋರ್ಟ್‌ನಲ್ಲಿದ್ದೆ. ನಮ್ಮ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಕೆಲಸ ಬಿಟ್ಟು ಹೋದರು. ಮ್ಯಾನೇಜರ್ ಕರೆದು 'ಇನ್ನು ಮೇಲೆ ಡೇಟಾಬೇಸ್ ನೀವೇ ನೋಡಿಕೊಳ್ಳಿ' ಅಂದರು. ಇರುವುದು ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್. ನನಗೆ ಡೇಟಾ ಹುಡುಕಿ ತೋರಿಸುವ ಸೆಲೆಕ್ಟ್ ಕ್ವೆರಿ ಬರೆಯಲು ಬರುತ್ತದೆ, ಅಷ್ಟೇ. ದೊಡ್ಡ ಫೀಸಿನ ಕೋರ್ಸ್ ಸೇರಬೇಕಾ? ಎಲ್ಲಿಂದ ಶುರು ಮಾಡಲಿ? ಭಯಕ್ಕೆ ರಾತ್ರಿ ನಿದ್ದೆ ಬರುತ್ತಿಲ್ಲ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಕೋರ್ಸ್ ವಿಚಾರ ಆಮೇಲೆ ನೋಡೋಣ. ಈಗ ಸರ್ವರಿನ ಡಿಸ್ಕ್ ಕೆಟ್ಟರೆ ಡೇಟಾ ಎಲ್ಲಿಂದ ತರುತ್ತೀರಿ? ಮೊದಲು ಇದನ್ನು ಪತ್ತೆ ಮಾಡಿ. 'ದಿನಾ ರಾತ್ರಿ ಬ್ಯಾಕಪ್ ಆಗುತ್ತಲ್ಲ' ಅಂತ ಯಾರಾದರೂ ಹೇಳಿದರೆ ಅಲ್ಲಿಗೆ ಬಿಡಬೇಡಿ. ಆ ಫೈಲನ್ನು ಬೇರೆ ಮಷೀನಿಗೆ ಹಾಕಿ. ಡೇಟಾಬೇಸ್ ಎದ್ದು ನಿಂತು, ನಿನ್ನೆಯ ಬಿಲ್ ಅದರಲ್ಲಿ ಕಣ್ಣಿಗೆ ಕಂಡರೆ ಮಾತ್ರ ಬ್ಯಾಕಪ್ ಇದೆ ಅಂತ ಲೆಕ್ಕ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. 2017ರ ಜನವರಿ 31ರಂದು, ಪ್ರೋಗ್ರಾಮರ್‌ಗಳು ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ನಡೆದದ್ದನ್ನು ಪ್ರತಿಯೊಬ್ಬ ಹೊಸ ಡಿಬಿಎ ತಿಳಿದಿರಬೇಕು. ಅವರದ್ದೂ ಪೋಸ್ಟ್‌ಗ್ರೆಸ್ಸೇ. ಎರಡನೇ ಸರ್ವರಿಗೆ ಡೇಟಾ ನಕಲಾಗುವುದು ನಿಂತಿತ್ತು. ಸರಿ ಮಾಡಲು ಕೂತ ಎಂಜಿನಿಯರ್ ಆ ಎರಡನೇ ಸರ್ವರಿನ ಫೋಲ್ಡರ್ ಅಂದುಕೊಂಡು ಮುಖ್ಯ ಸರ್ವರಿನದ್ದನ್ನೇ ಅಳಿಸಿದರು. ಒಂದೆರಡು ಸೆಕೆಂಡಿನಲ್ಲೇ ಗೊತ್ತಾಗಿ ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ಹುಡುಕಿದರೆ ಅದೂ ಇಲ್ಲ. ಡೇಟಾಬೇಸ್ 9.6 ಆವೃತ್ತಿ, ಬ್ಯಾಕಪ್ ತೆಗೆಯುವ ಪಿಜಿ ಡಂಪ್ 9.2. ಹಾಗಾಗಿ ಅದು ಎರರ್ ಕೊಟ್ಟು ನಿಲ್ಲುತ್ತಿತ್ತು. ಎರರ್ ತಿಳಿಸುವ ಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಉಳಿಸಿದ್ದು, ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಡಿಸ್ಕಿನ ಆ ಕ್ಷಣದ ನಕಲು. ಆ ಆರು ಗಂಟೆಯ ಡೇಟಾ ಹೋಗೇಬಿಟ್ಟಿತು. ಇದೆಲ್ಲವನ್ನೂ ಅವರು ಮುಚ್ಚಿಡದೆ ಬರೆದು ಪ್ರಕಟಿಸಿದರು. ಅದಕ್ಕೆ ನನಗೆ ಅವರ ಮೇಲೆ ತುಂಬಾ ಗೌರವ.

ಈ ಕತೆ ಕೇಳಿದವರು 'ಹುಷಾರಾಗಿರಬೇಕು' ಅಂತಾರೆ. ದಣಿದ ಮನುಷ್ಯ ಹುಷಾರಾಗಿ ಇರಲು ಆಗುವುದಿಲ್ಲ. ಅದರ ಬದಲು ಮುಖ್ಯ ಸರ್ವರಿನ ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಕಿಟಕಿಗೆ) ಕೆಂಪು ಬಣ್ಣ ಕೊಡಿ, ಕಮಾಂಡಿನ ಮುಂದೆ ಬರುವ ಪ್ರಾಂಪ್ಟ್‌ನಲ್ಲಿ ಸರ್ವರಿನ ಹೆಸರು ಕಾಣುವ ಹಾಗೆ ಮಾಡಿ. ಬ್ಯಾಕಪ್ ಫೇಲಾದ ಮೇಲ್ ನಿಮಗೆ ನಿಜಕ್ಕೂ ಬರುತ್ತಾ ಅಂತ ಬೇಕಂತಲೇ ಒಮ್ಮೆ ಫೇಲ್ ಮಾಡಿಸಿ ನೋಡಿ.

ವಾಪಸ್ ತರಲು ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡಿ. ಆಮೇಲೆ ಅಕೌಂಟ್ಸ್‌ನವರ ಹತ್ತಿರ ಹೋಗಿ ಕೇಳಿ: ಎಷ್ಟು ಗಂಟೆಯ ಎಂಟ್ರಿ ಹೋದರೆ ನೀವು ಮತ್ತೆ ಟೈಪ್ ಮಾಡಿಕೊಳ್ಳಬಲ್ಲಿರಿ? ರಾತ್ರಿ 2ಕ್ಕೆ ಬ್ಯಾಕಪ್ ಆಗಿ ಸಂಜೆ 6ಕ್ಕೆ ಡಿಸ್ಕ್ ಹೋದರೆ 16 ಗಂಟೆಯ ಕೆಲಸ ಮಾಯ. ಅವರು 'ಅಯ್ಯೋ ಆಗಲ್ಲ' ಅಂದರೆ ನಿಮ್ಮ ಮುಂದಿನ ಪಾಠ ವಾಲ್ (ಡಬ್ಲ್ಯುಎಎಲ್), ಅಂದರೆ ಬದಲಾವಣೆಗಳ ದಾಖಲೆ. ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಟೇಬಲ್ಲಿನ ಫೈಲಿಗಿಂತ ಮೊದಲು ಈ ವಾಲ್ ಫೈಲುಗಳಿಗೆ ಬರೆಯುತ್ತದೆ. ಒಂದೊಂದೂ ಸಾಮಾನ್ಯವಾಗಿ 16 ಎಂಬಿ. ಪೂರ್ತಿ ಬ್ಯಾಕಪ್ ಒಂದು, ಅಲ್ಲಿಂದಾಚೆಗಿನ ವಾಲ್ ಫೈಲುಗಳು ಬೇರೆ ಮಷೀನಿನಲ್ಲಿ ಭದ್ರ ಇದ್ದರೆ, ಸಂಜೆ 5 ಗಂಟೆ 58 ನಿಮಿಷಕ್ಕೆ ಡೇಟಾ ಹೇಗಿತ್ತೋ ಹಾಗೇ ತರಬಹುದು. ಇದನ್ನು ಕೈಯಾರೆ ಮಾಡಿ ನೋಡಿದವರಿಗೆ ಪೋಸ್ಟ್‌ಗ್ರೆಸ್ಸಿನ ಅರ್ಧ ಒಳಗುಟ್ಟು ತಾನಾಗಿ ತಿಳಿಯುತ್ತದೆ.

ಅಪ್‌ಡೇಟ್, ಡಿಲೀಟ್ ಮಾಡುವ ಮೊದಲು ಬಿಗಿನ್ ಟೈಪ್ ಮಾಡುವುದನ್ನು ರೂಢಿ ಮಾಡಿಕೊಳ್ಳಿ. ಒಂದು ಸಾಲು ಬದಲಾಗಬೇಕಿತ್ತು, ಯಾವ ಸಾಲು ಅಂತ ಹೇಳುವ ವೇರ್ ಬಿಟ್ಟುಹೋಗಿ 48,000 ಅಂತ ತೋರಿಸಿತು ಅಂದುಕೊಳ್ಳಿ. ರೋಲ್‌ಬ್ಯಾಕ್ ಕೊಟ್ಟರೆ ಮುಗಿಯಿತು. ಪೋಸ್ಟ್‌ಗ್ರೆಸ್ಸಿನಲ್ಲಿ ಟೇಬಲನ್ನೇ ಅಳಿಸುವ ಡ್ರಾಪ್ ಟೇಬಲ್ ಕೂಡ ಹೀಗೆ ಹಿಂದಕ್ಕೆ ಬರುತ್ತದೆ. ಒರಾಕಲ್, ಮೈಎಸ್‌ಕ್ಯೂಎಲ್ ಅನ್ನುವ ಬೇರೆ ಡೇಟಾಬೇಸ್‌ಗಳಲ್ಲಿ ಬರುವುದಿಲ್ಲ, ನೆನಪಿರಲಿ. 'ಸ್ಲೋ ಆಗಿದೆ' ಅಂತ ಫೋನ್ ಬಂದಾಗ, ಕ್ವೆರಿ ಎಲ್ಲಿ ಹೊತ್ತು ತಿನ್ನುತ್ತಿದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಅನಲೈಜ್ ಬಳಸಲು ಕಲಿಯಿರಿ. ಆದರೆ ಅದು ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ. ಡಿಲೀಟ್‌ಗೆ ಹಾಕಿದರೆ ಸಾಲು ಅಳಿದೇ ಹೋಗುತ್ತದೆ.

ಕೋರ್ಸಿಗೆ ಸದ್ಯ ನಿಮ್ಮ ಜೇಬಿನಿಂದ ದುಡ್ಡು ಹಾಕಬೇಡಿ. ಪೋಸ್ಟ್‌ಗ್ರೆಸ್ಸಿನ ಅಧಿಕೃತ ಕೈಪಿಡಿ ಪುಕ್ಕಟೆ ಸಿಗುತ್ತದೆ, ಚೆನ್ನಾಗಿದೆ. ಬ್ಯಾಕಪ್ ಮತ್ತು ರಿಸ್ಟೋರ್ ಅಧ್ಯಾಯದಿಂದಲೇ ಓದಿ. ಮ್ಯಾನೇಜರ್ ಹತ್ತಿರ ಮೇಲ್ ಮೂಲಕ ಎರಡು ವಿಷಯ ಕೇಳಿ: ಪರೀಕ್ಷೆಗೆ ಒಂದು ಮಷೀನು, ತೊಂದರೆ ಬಂದಾಗ ಕರೆ ಮಾಡಲು ಅನುಭವ ಇರುವ ಒಬ್ಬರು. ಕಲಿಯದ ಕೆಲಸವನ್ನು ಒಂಟಿಯಾಗಿ ಹೊರಿಸಿದ್ದು ಅವರು. ಕೇಳಲು ನೀವು ಸಂಕೋಚ ಪಡಬೇಕಾಗಿಲ್ಲ.

ಪ್ರಶ್ನೆ: ಬಿಕಾಂ ಮುಗಿಸಿದ್ದೇನೆ, ಡಿಬಿಎ ಆಗುವ ಆಸೆ. ಎಲ್ಲಾ ಕ್ಲೌಡ್‌ಗೆ ಹೋದ ಮೇಲೆ ಈ ಕೆಲಸ ಉಳಿಯುತ್ತಾ?
— ದಾವಣಗೆರೆ

ಉತ್ತರ: ಬ್ಯಾಕಪ್ ತೆಗೆಯುವುದು, ಪ್ಯಾಚ್ ಹಾಕುವುದು ಇವನ್ನು ಕ್ಲೌಡ್ ಮಾಡಿಕೊಡುತ್ತದೆ. ಯಾರಿಗೆ ಯಾವ ಟೇಬಲ್ ನೋಡಲು ಬಿಡಬೇಕು, ಬೇಗ ಹುಡುಕಲು ಯಾವ ಇಂಡೆಕ್ಸ್ ಬೇಕು, ತಪ್ಪಾಗಿ ಅಳಿದದ್ದನ್ನು ಎಷ್ಟು ಹೊತ್ತಿನ ಸ್ಥಿತಿಗೆ ತರಬೇಕು ಅನ್ನುವುದು ನಮ್ಮ ತಲೆನೋವೇ. ಬಿಕಾಂ ಓದಿದ್ದು ನಿಮಗೆ ದೊಡ್ಡ ಬಲ. ಲೆಡ್ಜರ್ ಅರ್ಥವಾಗುವ ಡಿಬಿಎಗಳು ನಮಗೆ ಬೇಕು.

ಪ್ರಶ್ನೆ: ನಮ್ಮ ಸಹಕಾರ ಸಂಘದ ಹಳೆಯ ಮೈಎಸ್‌ಕ್ಯೂಎಲ್‌ನಲ್ಲಿ ಸದಸ್ಯರ ಕನ್ನಡ ಹೆಸರುಗಳ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ವಾಪಸ್ ತರಬಹುದಾ?
— ಶಿವಮೊಗ್ಗ

ಉತ್ತರ: ಮೊದಲು ಆ ಕಾಲಂಗೆ, ಒಳಗಿರುವ ಬೈಟ್‌ಗಳನ್ನು ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ ನೋಡಿ. ಇ0ಬಿ2 ಅಂತ ಶುರುವಾದರೆ ಕನ್ನಡ ಒಳಗೆ ಹಾಗೇ ಇದೆ, ತೊಂದರೆ ಕನೆಕ್ಷನ್ನಿನ ಅಕ್ಷರ ಸೆಟ್ಟಿಂಗ್‌ನದ್ದು. ಬರೀ 3ಎಫ್ 3ಎಫ್ (ಪ್ರಶ್ನಾರ್ಥಕ ಚಿಹ್ನೆಯ ಸಂಕೇತ) ಬಂದರೆ ಬರೆಯುವಾಗಲೇ ಹೆಸರು ಕಳೆದುಹೋಗಿದೆ. 8.0ಗಿಂತ ಮೊದಲಿನ ಆವೃತ್ತಿಗಳು ಲ್ಯಾಟಿನ್1 ಅನ್ನುವ ಅಕ್ಷರ ಸೆಟ್ಟನ್ನೇ ತಾವಾಗಿ ಹಿಡಿಯುತ್ತಿದ್ದವು, ಅದರಲ್ಲಿ ಕನ್ನಡಕ್ಕೆ ಜಾಗವೇ ಇಲ್ಲ. ಹಾಗಾಗಿದ್ದರೆ ಸದಸ್ಯತ್ವದ ಪುಸ್ತಕ ತೆಗೆದು ಮತ್ತೆ ಟೈಪ್ ಮಾಡಬೇಕು. ಅದಕ್ಕೂ ಮೊದಲು ಟೇಬಲನ್ನು ಕನ್ನಡ ಹಿಡಿಸುವ ಯುಟಿಎಫ್8ಎಂಬಿ4 ಅಕ್ಷರ ಸೆಟ್ಟಿಗೆ ಬದಲಿಸಿ.

ಮುಂದೆ ಯಾರಾದರೂ ಒರಾಕಲ್‌ಗೆ ಒಯ್ಯಲು ಹೇಳಿದರೆ ಕಾಲಂ ಉದ್ದ ನೋಡಿಕೊಳ್ಳಿ. ಅಲ್ಲಿ ಅಳತೆ ಸಾಮಾನ್ಯವಾಗಿ ಬೈಟ್‌ಗಳಲ್ಲಿ. ಯುಟಿಎಫ್8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಒತ್ತು, ಗುಣಿತ ಬೇರೆ ಬೇರೆಯಾಗಿ ಸೇರುತ್ತವೆ. 'ಶ್ರೀನಿವಾಸಮೂರ್ತಿ' ಅನ್ನುವ ಹೆಸರೊಂದೇ 45 ಬೈಟ್. 40ರ ಕಾಲಂನಲ್ಲಿ ಅದು ಹಿಡಿಸುವುದಿಲ್ಲ. ಬೈಟ್ ಬದಲು ಕ್ಯಾರೆಕ್ಟರ್ ಲೆಕ್ಕದಲ್ಲಿ ಕಾಲಂ ಮಾಡಿಸಿ. ಬ್ಯಾಕಪ್ ವಾಪಸ್ ತಂದು ಪರೀಕ್ಷಿಸುವಾಗ ಸಾಲು ಎಣಿಸಿ ಸುಮ್ನಾಗಬೇಡಿ, ಒಂದಷ್ಟು ಕನ್ನಡ ಹೆಸರುಗಳನ್ನು ತೆರೆದು ಓದಿ.